ಮೂರು ಗುಂಡಿ

ನಾನು ಗುಂಡಿ ತೋಡುವವನು.
ಖುಲೋದ ಮೇಲೆ, ರಸ್ತೆ ಮುಗಿದು
ಕತ್ತೆಯ ಹಾದಿ ಶುರುವಾಗುವಲ್ಲಿ, ಝೌರಿಯ ಇಳಿಜಾರು.
ಇಂಜಿನಿಯರ್ ನಾತೆಲಾ ಬೆರಳು ತೋರಿದಲ್ಲಿ
ಆಳೆತ್ತರ ಇಳಿಯುತ್ತೇನೆ, ದಿನಕ್ಕೊಂದು.
ಕೂಲಿಯ ಜತೆ ಮೆಕ್ಕೆಜೋಳದ ರೊಟ್ಟಿ, ಕರಗಿದ ಚೀಸು.

ಝೌರಿಗೆ ಅವಸರ. ಸೆಪ್ಟೆಂಬರಿಗೆ ಮದುವೆ.
ಹೊಳೆ ಕಾಣುವ ಕಡೆಗೇ ಬಾಲ್ಕನಿ ಎಂದು
ಆಗಲೇ ನಾಲ್ಕು ಗೂಟ ನೆಟ್ಟು ದಾರ ಕಟ್ಟಿದ್ದ.
"ಹುಲ್ಲು ನೋಡಿ, ಎಷ್ಟು ಹಸಿರು!"
ನಾತೆಲಾ ಹುಲ್ಲು ನೋಡಲಿಲ್ಲ,
ಅಂಚಿನ ಆಲ್ಡರ್ ಮರಗಳ ಬುಡ ನೋಡಿದಳು:
ಬುಡದಲ್ಲಿ ಕೆಳಕ್ಕೆ ಬಾಗಿ, ಮೇಲೆ ನೆಟ್ಟಗಾಗಿ,
ಕುಡುಗೋಲಿನ ಹಾಗೆ,
ಜಾರುತ್ತಲೇ ನಿಲ್ಲಲು ಕಲಿತ ಮರಗಳು.

ಮೊದಲ ಗುಂಡಿ.
ಒಂದು ಗೇಣು ಕಪ್ಪು ಮಣ್ಣು, ಹಳೆಯ ಎಲೆಯ ವಾಸನೆ,
ಎರೆಹುಳು, ಯಾವ ಕಾಲದ್ದೋ ಲಾಳದ ಮೊಳೆ.
ಎದೆ ಮುಳುಗುವ ತನಕ ಹಳದಿ; ಸಲಿಕೆ ಹೇಳಿದಂತೆ ಕೇಳುತ್ತದೆ.
ಆಮೇಲೆ ಒಂದು ಗೆರೆ.
ಅಲ್ಲಿಂದ ಕೆಳಗೆ ಪಾರಿವಾಳದ ಕತ್ತಿನ ಬಣ್ಣದ ಜೇಡಿ,
ಸಾಬೂನಿನಷ್ಟು ನುಣುಪು. ಬೇರುಗಳು ಅಲ್ಲಿಗೆ ಬಂದು
ಅಡ್ಡಡ್ಡ ತಿರುಗಿಕೊಂಡಿವೆ.
ಗೆರೆಯುದ್ದಕ್ಕೂ ಬೆವರಿದ ಹಾಗೆ ನೀರು;
ಉಂಡು ಬರುವಷ್ಟರಲ್ಲಿ ಪಾದ ಮುಳುಗುವಷ್ಟು.
ಮಳೆ ನಿಂತು ಒಂಬತ್ತು ದಿನವಾಗಿತ್ತು.

ನಾತೆಲಾ ಚಿಟಿಕೆ ಜೇಡಿಯನ್ನು ಅಂಗೈಲಿ ಹೊಸೆದಳು,
ಹುರಿ ಮಾಡಿ ಬೆರಳಿಗೆ ಸುತ್ತಿದಳು: ಉಂಗುರ.
ಎಲ್ಲೂ ಬಿರುಕಿಲ್ಲ.
ಝೌರಿ ನಕ್ಕ: "ಹುಡುಗಿಗೆ ಇದನ್ನೇ ತೊಡಿಸಲೇ?"
ಅವಳು ನಗಲಿಲ್ಲ.

ರಾತ್ರಿ ಕಿಟಕಿಯಲ್ಲಿ ಮೂರು ಗಾಜಿನ ಜಾಡಿ,
ಝೌರಿಯ ತಾಯಿ ಫಾದಿಮೆ ಪ್ಲಮ್ ಹಣ್ಣು ಹಾಕಿಡುವಂಥವು.
ಒಂದೊಂದರಲ್ಲಿ ಒಂದೊಂದು ಆಳದ ಮಣ್ಣು, ಮೇಲೆ ನೀರು.
ಕುಲುಕಿಟ್ಟರೆ ಮರಳು ಕಣ್ಣು ಮಿಟುಕಿಸುವಷ್ಟರಲ್ಲಿ ತಳಕ್ಕೆ,
ಗೋಡು ಚಹಾ ಆರುವಷ್ಟರಲ್ಲಿ.
ಜೇಡಿ ಮಾತ್ರ ಬೆಳಗಿನ ಬಾಂಗಿನವರೆಗೂ
ಇಳಿಯಲು ಒಪ್ಪದೆ ಕದಡಿಕೊಂಡೇ ಇತ್ತು.
ನನಗೂ ನಿದ್ದೆ ಹತ್ತಲಿಲ್ಲ.
ಪಕ್ಕದ ಕಣಿವೆಯ ನನ್ನ ಸೋದರತ್ತೆಯ ಮನೆಯಲ್ಲಿ
ಒಂದು ಏಪ್ರಿಲ್ ತಿಂಗಳು ಬಾಗಿಲು ಮುಚ್ಚಿಕೊಳ್ಳದೆ ಹಟ ಮಾಡಿತು.
ಬಡಗಿ ಬಂದು ಹೆರೆದ.
ಮೇ ತಿಂಗಳಲ್ಲಿ ಮತ್ತೆ ಹೆರೆದ.
ಜೂನಿನಲ್ಲಿ ಹೆರೆಯಲು ಬಾಗಿಲಿರಲಿಲ್ಲ.

ಎರಡನೆಯ ಗುಂಡಿಯಲ್ಲೂ ಅದೇ ಗೆರೆ, ಅದೇ ಬೆವರು.

ಮೂರನೆಯದು ಮೇಲೆ, ಬೆನ್ನೆಲುಬಿನಂಥ ದಿಣ್ಣೆಯಲ್ಲಿ.
ಮೆಕ್ಕೆಜೋಳವೂ ಏಳದ ಜಾಗ. ಬರೀ ಗಾಳಿ. ಹೊಳೆ ಕಾಣುವುದಿಲ್ಲ.
ಮೊಣಕಾಲಾಳಕ್ಕೇ ಹಾರೆ ಠಣ್ ಎಂದಿತು.
ಇನ್ನೊಂದು ಮೂಲೆಯಲ್ಲಿ ಠಣ್.
ನಾತೆಲಾ ಒಂದು ಬಕೆಟ್ ನೀರು ಸುರಿದು ಗಡಿಯಾರ ನೋಡಿದಳು;
ನೀರು ಬಂಡೆಯ ಸೀಳಿನಲ್ಲಿ ಹೇಳದೆ ಕೇಳದೆ ಹೋಯಿತು.
"ಇಲ್ಲಿ ಕಟ್ಟಿ. ಕೆಳಗೆ ಹುಲ್ಲೇ ಇರಲಿ.
ಮೇಲಂಚಿಗೆ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ಕಳಿಸಿ.
ಆ ಮರಗಳನ್ನು ಕಡಿಯಬೇಡಿ."
ಝೌರಿ ಕೆಳಗಿನ ಗೂಟಗಳನ್ನೇ ನೋಡುತ್ತಿದ್ದ.
"ಇಲ್ಲಿ ಒಂದು ಈರುಳ್ಳಿಯೂ ಬೇರು ಬಿಡುವುದಿಲ್ಲ," ಎಂದ,
ತಾಯಿಯ ಕಡೆ ತಿರುಗಿ.
ಫಾದಿಮೆ ಕೋಳಿಗೆ ಕಾಳು ಹಾಕಲು ಹೋದಳು.

ಕೊನೆಯ ದಿನ ಮುಚ್ಚುವ ಕೆಲಸ.
ಹೇಳಿದರೆ ಯಾರೂ ನಂಬುವುದಿಲ್ಲ: ತೆಗೆದ ಮಣ್ಣು
ತೆಗೆದ ಗುಂಡಿಗೇ ಹಿಡಿಸುವುದಿಲ್ಲ.
ತುಳಿದರೂ, ದಿಮ್ಮಸು ಹೊಡೆದರೂ, ಒಂದು ಗುಡ್ಡೆ ಉಳಿದೇ ಉಳಿಯುತ್ತದೆ;
ಬೆಳಕು ಕಂಡ ಮೇಲೆ ಮಣ್ಣಿಗೂ ಮೈ ಬರುತ್ತದೋ ಏನೋ.

ಸಂಜೆ ಸಲಿಕೆ ತೊಳೆಯುವಾಗ ಕಂಡೆ:
ಉಳಿದ ಕಪ್ಪು ಮಣ್ಣನ್ನು ಬುಟ್ಟಿಗೆ ತುಂಬಿ
ಫಾದಿಮೆ ದಿಣ್ಣೆ ಹತ್ತುತ್ತಿದ್ದಾಳೆ.
ಅರ್ಧ ದಾರಿಯಲ್ಲಿ ಇಳಿಸಿ, ಒಂದು ಹಿಡಿ ಮೂಸಿ,
ಮತ್ತೆ ಹೊತ್ತು.
ಹದಿನಾಲ್ಕು ಬುಟ್ಟಿಯ ತನಕ ಎಣಿಸಿದೆ. ಕತ್ತಲಾಯಿತು.

ಝೌರಿ ಗೂಟ ಕೀಳುತ್ತಿದ್ದ.
ನಾಲ್ಕನೆಯದನ್ನು ನಾನೇ ಕಿತ್ತು ಕೊಟ್ಟೆ.
ಅದರ ತುದಿ ಒದ್ದೆಯಾಗಿತ್ತು.