ಮೂರನೇ ಶೆಡ್ಡಿನ ವಹಿ

ಮೆಣಸಿನಕಾಯಿ ಶೆಡ್ಡಿನಾಗ ಯಾಕ ಅಳ್ತಿ ಅಂತ
ಯಾರೂ ಯಾರನ್ನೂ ಕೇಳೂದಿಲ್ಲ.
ಬ್ಯಾಡಗಿಯೊಳಗ ನಾ ಬಂದಾಗಿಂದ ಹಂಗ ನಡದೈತಿ:
ತುಂಬು ಮುರಿ, ಕಾಯಿ ಬುಟ್ಟಿಗೆ, ಸೆರಗಿಲೆ ಕಣ್ಣೊರಸು.
ಗಂಡ ಹೊಡದದ್ದು, ಬಾಣಂತಿ ಮಗಳ ಹಾಲು ಬತ್ತಿದ್ದು,
ಎಲ್ಲಾ ಘಾಟಿನ ಲೆಕ್ಕಕ್ಕ ಜಮಾ.

ಮಾಬೂಬಿ ಒಬ್ಬಾಕಿ ಅಳಲಿಲ್ಲ.
ಅವತ್ತು ನಾವು ಕೇಳಿದ್ವಿ.

ಆಕಿ ಮಗ ರಾಜೇಸಾಬ, ಎರಡನೇ ಗೇಟಿನ ಹಮಾಲ.
ಬೆನ್ನಮ್ಯಾಲೆ ಚೀಲ ಹೊತ್ತು
ಕೋಲ್ಡ್ ಸ್ಟೋರೇಜಿನ ನಾಲ್ಕನೇ ಮಾಳಿಗಿ ಏರಾಂವ,
ಬಾಯಾಗ ಎಲಿ ಅಡಿಕಿ, ಮ್ಯಾಲೆ ಒಂದು ಚ್ಯಾಷ್ಟಿ ಮಾತು.
ತೂಕದ ಕಲ್ಲು ಕಳುವಾದವಂತ.
ಸೋಮವಾರ ರಾತ್ರಿ ಜೀಪಿನಾಗ ಕರಕೊಂಡು ಹೋದರು.
ಬುಧವಾರ ಒಂದು ಕಾಗದ ಕೊಟ್ಟರು:
"ಸದರಿಯವನು ಠಾಣೆಯ ಮೆಟ್ಟಿಲಿನಿಂದ ಜಾರಿ ಬಿದ್ದು
ಮೃತಪಟ್ಟಿರುತ್ತಾನೆ."

ಆ ಮೆಟ್ಟಿಲು ಮೂರು.
ನಾ ಎಣಿಸೀನಿ. ದ್ಯಾಮವ್ವ ಎಣಿಸ್ಯಾಳ.
ಆಕಿ ಮೊಮ್ಮಗ ಏಳನೇತ್ತೆ ಓದತಾನ,
ಅವನ್ನೂ ಕರಕೊಂಡು ಹೋಗಿ ಎಣಿಸಿದ್ವಿ,
ನಮ್ಮ ಲೆಕ್ಕ ತಪ್ಪಿರಬಾರದಲ್ಲ.
ಮೂರು.

ಹುಬ್ಬಳ್ಳಿಯಿಂದ ಒಬ್ಬಾಕಿ ಬಂದ್ಲು, ಗಬ್ಬೂರಿನ ತುಳಜವ್ವ.
ಯಾರು ಕರದರೋ ಗೊತ್ತಿಲ್ಲ, ಸುದ್ದಿ ಕೇಳಿ ಬಸ್ಸು ಹತ್ಯಾಳ.
ಕೈಚೀಲದಾಗ ತನ್ನ ಮಗನ ಕಾಗದ,
ಹನ್ನೊಂದು ವರ್ಷದ್ದು, ಮಡಿಕಿಗುಂಟ ಹರದದ್ದು.
ಸಮಾಧಾನ ಹೇಳಲಿಲ್ಲ. ಚಾ ಬ್ಯಾಡಂದ್ಲು.
"ಅಂಗಿ ಎಲ್ಲೈತಿ?" ಅಂದ್ಲು.
"ಒಗೀಬ್ಯಾಡ್ರಿ. ನಾ ಒಗದೆ.
ಸಬಕಾರ ಹಚ್ಚಿ, ಕಲ್ಲಿಗೆ ಬಡದು, ಬಿಸಿಲಿಗೆ ಹಾಕಿದೆ,
ಮಗ ಹೊಲಸು ಅಂಗ್ಯಾಗ ಹೋದಾಂತ ಅನ್ನಬಾರದಂತ.
ಜಡ್ಜ್ ಸಾಹೇಬ್ರು ಕೇಳಿದಾಗ
ಬೆಳ್ಳನ ಅಂಗಿ ಹಿಡಕೊಂಡು ನಿಂತೆ."

ಮಾಬೂಬಿಯ ಬಚ್ಚಲದಾಗ
ಖಾಲಿ ಬಕೀಟಿನ ಮ್ಯಾಲೆ ಇತ್ತು ಅಂಗಿ.
ನಳ ಎಂಟು ದಿನಕ್ಕೊಮ್ಮೆ ಬರೂದು,
ಆ ವಾರ ಬಂದಿರಲಿಲ್ಲ.
ನಮ್ಮ ಪುರಸಭೆಯಿಂದ ಆದ ಉಪಕಾರ ಅದೊಂದ.

ಅವತ್ತಿಂದ ಈ ವಹಿ.
ಮುಂದಿನಿಂದ ಸಾವಕಾರರ ಕಿಲೋ ಲೆಕ್ಕ,
ತಿರುವಿ ಹಾಕಿದರ ನಮ್ಮದು.
ರೇಣವ್ವ ಹತ್ತು. ಹೂವಕ್ಕ ಹತ್ತು.
ಜೈತುನಬಿ ಐದು, ಉಳಿದದ್ದು ಸಂತಿ ದಿನ.
ಒಬ್ಬಾಕಿ ಅಣ್ಣ ಪೊಲೀಸ. ಇಪ್ಪತ್ತರ ನೋಟು ಇಟ್ಟು
"ಹೆಸರು ಬರೀಬ್ಯಾಡ" ಅಂದ್ಲು.
ಆ ಸಾಲು ಖಾಲಿ ಐತಿ, ರೊಕ್ಕ ಐತಿ.
ಖರ್ಚು: ಧಾರವಾಡ ಹೈಕೋರ್ಟಿಗೆ ಬಸ್ಸು, ಸೊನ್ನಿ,
ಹೆಣ್ಮಕ್ಕಳಿಗೆ ಪುಕ್ಕಟೆ.
ಜೆರಾಕ್ಸು ಎಂಬತ್ನಾಕು. ವಕೀಲರು ಬ್ಯಾಡಂದರು,
ಅವರ ಗುಮಾಸ್ತ ಬ್ಯಾಡನ್ನಲಿಲ್ಲ.
ರಾಜೇಸಾಬನ ಮಗಳಿಗೆ ಪಾಟೀಚೀಲ, ಗುಲಾಬಿ ಬಣ್ಣದ್ದು,
ಅದಕ್ಕ ಹಟ ಹಿಡದಿತ್ತು ಕೂಸು.

ಒಂದು ದಿನ ಸಣ್ಣ ಸಾಹೇಬ್ರು ಶೆಡ್ಡಿಗೆ ಬಂದರು.
"ಸಂಘ ಕಟ್ಟತೀರೇನು? ಯಾರ್ ಇದಕ್ಕ ಹಿರೇತನ?"
ಬೂಟಿನ ಕೆಳಗ ಒಣ ಕಾಯಿ ಪುಡಿಯಾದವು.
ಸೀನು ಬಂತು, ಒಂದು, ಎರಡು, ಎಣಿಸಲಿಲ್ಲ.
ಸಾಹೇಬ್ರ ಕಣ್ಣಾಗ ದಳದಳ ನೀರು.
ಯಾಕ ಅಂತ ಯಾರೂ ಕೇಳಲಿಲ್ಲ.

ಹೂವಕ್ಕ ಮಾತ್ರ ಮರುದಿನದಿಂದ ಬರಲಿಲ್ಲ.
ಅಂಜಿದ್ಲು. ಆಕಿ ಹತ್ತು ರೂಪಾಯಿ ವಾಪಸ್ ಕೊಟ್ಟೀನಿ,
ಅದೂ ಬರದೀನಿ. ಸಿಟ್ಟಿಲ್ಲ.

ತಾರೀಖು ಮ್ಯಾಲೆ ತಾರೀಖು ಬೀಳತಾವ.
ಅಂಗಿ ಈಗ ಕೋರ್ಟಿನಾಗ, ಮೊಹರಿನ ಚೀಟಿ ಹಚ್ಚಿ.
ಮೊನ್ನೆ ರಾಣೆಬೆನ್ನೂರಿನಿಂದ ಸುದ್ದಿ ಬಂತು,
ಬೀಜದ ಅಂಗಡಿಯ ಹುಡುಗ, ಹತ್ತೊಂಬತ್ತು ವಯಸ್ಸು.
ಮಾಬೂಬಿ ಕೈ ತೊಳಕೊಂಡ್ಲು, ಮೂರು ಸಲ,
ಘಾಟು ಅಷ್ಟಕ್ಕ ಹೋಗಂಗಿಲ್ಲ,
ಮುಂಜಾನಿ ಮೊದಲನೇ ಬಸ್ಸಿಗೆ ಹತ್ತಿದ್ಲು.

ಇವತ್ತು ಆಕಿ ಜಾಗಾದಾಗ ಆಕಿ ಬುಟ್ಟಿ ಇಟ್ಟು
ಎಲ್ಲಾರೂ ಒಂದೊಂದು ಬೊಗಸಿ ಹಾಕಿದ್ವಿ.
ಸಂಜಿಗೆ ತೂಗಿ ಬರದೆ:
ಮಾಬೂಬಿ, ಹಾಜರ, ಹದಿನಾರು ಕಿಲೋ.