ಹನ್ನೊಂದು ಬೂದು

ಹಾಸ್ಟೆಲಿನ ಹುಡುಗಿ ನಕಾಶೆಯ ಮೇಲೆ ಪೆನ್ನಿನಲ್ಲಿ
ಮೂರು ಸುತ್ತು ಹಾಕಿ ಕೊಟ್ಟಳು:
ಇಲ್ಲಿ ಚಿತ್ರ, ಇಲ್ಲಿ ಮತ್ತೆ ಚಿತ್ರ, ಇಲ್ಲಿ ಒಳ್ಳೆ ಕಾಫಿ.
ಎಂಬತ್ತಾರನೇ ನಂಬರಿನ ಟ್ರಾಮು ಹತ್ತಿ
ಸ್ಮಿತ್ ಬೀದಿಯಲ್ಲಿ ಇಳಿದೆ. ಮೆಲ್ಬರ್ನಿಗೆ ಅದು ನಡುಚಳಿ,
ನನ್ನ ಕೈಚೀಲದ ಪಂಚಾಂಗಕ್ಕೆ ಆಷಾಢ.
ಗಾಳಿ ಮಾತ್ರ ಎರಡೂ ಕಡೆ ಒಂದೇ ಥರ,
ಸೆರಗು ಎಳೆದು ಕೇಳುವಂಥದ್ದು: ಯಾರವಳೇ ನೀನು?

ನಾನೂ ಗೋಡೆ ಬರೆದವಳೇ.
ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದೆ
ಅಪ್ಪನ ‘ರೇಖಾ ಆರ್ಟ್ಸ್’ನಲ್ಲಿ
ಹದಿನಾಲ್ಕಕ್ಕೇ ‘ಳ’ ತಿದ್ದಿದ ಕೈ ಇದು:
ಬೆಳ್ಳುಳ್ಳಿ ಮಂಡಿ, ಗೊಬ್ಬರದ ಜಾಹೀರಾತು,
‘ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು’.
ಅದನ್ನಂತೂ ಎಷ್ಟು ಚಂದ ಬರೆದಿದ್ದೆನೆಂದರೆ
ಜನ ನಿಂತು, ಓದಿ, ಮೆಚ್ಚಿ,
ಆಮೇಲೆ ಮಾಡುತ್ತಿದ್ದರು.
ಫ್ಲೆಕ್ಸ್ ಬಂತು. ಒಂದೇ ಬೇಸಗೆಯಲ್ಲಿ
ಕುಂಚಗಳೆಲ್ಲ ಒಣಗಿ ಪೊರಕೆ.
ಹತ್ತೊಂಬತ್ತು ವರ್ಷ ಬೀಜದ ಗೋದಾಮಿನಲ್ಲಿ ಚೀಲ ಎಣಿಸಿದೆ.
ಗೋಡೆ ಬರೆಯುವವರನ್ನು ಹುಡುಕಿಕೊಂಡು ಹೋಗುವ ಊರೊಂದಿದೆ
ಎಂದು ಯಾರೋ ಅಂದಿದ್ದರು;
ಚೀಟಿ ಎತ್ತಿದ ದುಡ್ಡಿಗೆ ಟಿಕೆಟ್ಟು ತೆಗೆದೆ.

ಕಪ್ಪುಕಲ್ಲಿನ ಓಣಿ. ಕಸದ ಡಬ್ಬಿಗೂ ಬಣ್ಣ.
ಮೂರಂತಸ್ತಿನ ಗಿಳಿ, ಕನ್ನಡಕದ ಆಕ್ಟೋಪಸ್,
ಕಣ್ಣು ಮುಚ್ಚಿದ ಒಬ್ಬಳು ಹೆಂಗಸು, ಅವಳ ಗಲ್ಲದಿಂದ
ನಿಜದ ಕೊಳಾಯಿಯೊಂದು ಹೊರಟು ಹನಿಯುತ್ತಿದೆ.
ಅಕ್ಷರಗಳೋ, ನೀರು ಕುಡಿದು ಉಬ್ಬಿದ ಕಡಲೆ.
ಓದಲಾಗಲಿಲ್ಲ. ಆದರೂ ಅಂಚು ಗೊತ್ತಾಗುತ್ತದಲ್ಲ,
ಇವನ ಮೊಣಕೈಗೆ ಅಪ್ಪ ಒಂದು ಬಿಡುತ್ತಿದ್ದ.
ಮುಂದಿನ ಬೀದಿಯ ಬಿಳಿ ಕೋಣೆಯಲ್ಲಿ
ಬರೇ ಒಂದು ಕುರ್ಚಿ. ಕಾಲು ನೋಯುತ್ತಿತ್ತು, ಕೂರಲು ಹೋದೆ.
ಕಾವಲಿನ ಹುಡುಗ ಓಡಿಬಂದ.
ಅದು ಕಲೆಯಂತೆ.

ಹಿಂದಿನ ಓಣಿಯಲ್ಲಿ ಥನಾಸಿಸ್ ಸಿಕ್ಕ.
ಹಳದಿ ಜಾಕೀಟು, ಬಕೆಟ್ಟು, ರೋಲರು;
ಬರೆದದ್ದನ್ನು ಅಳಿಸುವುದು ಅವನ ನೌಕರಿ,
ನಗರಸಭೆಯ ಸಂಬಳ.
ನನ್ನ ಇಂಗ್ಲಿಷು ಗೋದಾಮಿನದು, ಅವನದು ಈ ಬೀದಿಯದು,
ಬಣ್ಣದ ಮಾತಿಗೆ ಅಷ್ಟು ಸಾಕಾಯಿತು.
ಬಿಳಿ ಕೋಣೆಯ ಆ ಕಟ್ಟಡ ಬೂಟಿನ ಕಾರ್ಖಾನೆಯಾಗಿತ್ತಂತೆ,
ಅವನ ಅವ್ವ ಅಲ್ಲಿ ಅಟ್ಟೆಗೆ ಅಂಟು ಬಳಿಯುತ್ತಿದ್ದಳಂತೆ.
‘ಕುರ್ಚಿ ಕೊಟ್ಟಿರಲಿಲ್ಲ ಅವಳಿಗೆ’ ಅಂದ, ನಗದೆ.

ಬೂದು ಒಂದೇ ಅಲ್ಲ, ಹನ್ನೊಂದು.
ಟ್ರಾಮಿನ ಧೂಳು ಕುಡಿದ ಗೋಡೆಗೆ ಒಂದು,
ಪಾಚಿ ಹಿಡಿದದ್ದಕ್ಕೆ ಒಂದು, ಪಡುವಣ ಬಿಸಿಲಿಗೆ ಬೇರೆ.
ಡಬ್ಬಿಗಳ ಮುಚ್ಚಳಕ್ಕೆಲ್ಲ ಅವನೇ ನಂಬರು ಹಾಕಿದ್ದ.
ಸುಣ್ಣಕ್ಕೆ ನೀಲಿ ಬೆರೆಸುವಾಗ ಅಪ್ಪ
ಉಗುರಿನ ಮೇಲೆ ಒಂದು ಹನಿ ಇಟ್ಟು
ಊದಿ ಒಣಗಿಸಿ ನೋಡುತ್ತಿದ್ದ.
ಥನಾಸಿಸ್ ಹಾಗೇ ಊದಿದ.
ನನಗೆ ಮಾತು ಹೊರಡಲಿಲ್ಲ.

‘ಬರೀತೀಯಾ?’ ಎಂದು ಕುಂಚ ಚಾಚಿದ,
‘ಹೇಗೂ ಬಳಿದುಬಿಡ್ತೀನಿ.’
ಮೊದಲ ‘ಳ’ದ ಹೊಟ್ಟೆ ಜೋತುಬಿತ್ತು. ಬಳಿ ಅಂದೆ, ನಾನೇ.
ಎರಡನೆಯದು ಬಂತು. ಮೊಣಕೈಯಿಂದ ಬಂತು,
ಮಣಿಕಟ್ಟು ಸುಮ್ಮನೆ ಹಿಂದೆ ಹೋಯಿತು,
ಕೊನೆಯ ಸುಳಿಯಲ್ಲಿ ಕುಂಚ ತಾನೇ ಎದ್ದಿತು.
ಇದೇನು ಎಂದ. ಅಕ್ಷರ ಎಂದೆ.
ಅರ್ಥ? ಇಲ್ಲ, ಇನ್ನೊಂದು ಜೊತೆಗೆ ಬೇಕು.
ತಲೆಯಾಡಿಸಿದ, ಗಡಿಯಾರ ನೋಡಿದ,
ಅದರ ಮೇಲೂ ರೋಲರು ಎಳೆದ.
ಅವನ ಕೆಲಸ ಅದು. ಫೋಟೋ ತೆಗೆದುಕೊಳ್ಳಲಿಲ್ಲ ನಾನು.

ಮೂರನೇ ಸುತ್ತಿಗೆ ಹೋಗಲಾಗಲಿಲ್ಲ, ಕತ್ತಲಾಗಿತ್ತು.
ಹಾಸ್ಟೆಲಿನ ಹುಡುಗಿ ಕೇಳಿದಳು, ಕಾಫಿ ಹೇಗಿತ್ತು?
ಚೆನ್ನಾಗಿತ್ತು ಎಂದೆ.
ಹೆಬ್ಬೆರಳ ಉಗುರಿನ ಸಂದಿಯಲ್ಲಿ
ಏಳನೇ ನಂಬರಿನ ಬೂದು,
ಎರಡು ಸಲ ಸೋಪು ಹಾಕಿದರೂ ಹೋಗಿರಲಿಲ್ಲ.