ಅಳತೆ ಪುಸ್ತಕ

ಟೇಪು ಸುಳ್ಳು ಹೇಳುವುದಿಲ್ಲ ಸ್ವಾಮಿ,
ಉಸಿರು ಬಿಗಿಹಿಡಿದು ಹೇಳಿಸುವವರು ಇರುತ್ತಾರೆ, ಅಷ್ಟೆ.
ಯಲ್ಲೋಜಿರಾಯರು ಕಬ್ಬನ್‌ಪೇಟೆಯ ನಮ್ಮಂಗಡಿಯ
ಮೆಟ್ಟಿಲು ಮೊದಲ ಸಲ ಹತ್ತಿದಾಗ ಸೊಂಟ ಇಪ್ಪತ್ತೆಂಟು,
ಎದೆ ಮೂವತ್ತೆರಡು, ಉಬ್ಬಿಸಿದರೆ ಮೂವತ್ತೈದು.
ಅಪ್ಪ ಕೂಗಿದ್ದು, ನಾನು ಬರೆದುಕೊಂಡದ್ದು,
ಇಲ್ಲಿದೆ ನೋಡಿ, ನೀಲಿ ಪೆನ್ಸಿಲ್ಲಿನಲ್ಲಿ:
ಪಿ.ಸಿ. ಯಲ್ಲೋಜಿ. ಖಾಕಿ ಚಡ್ಡಿ ಎರಡು.
ಬಾಕಿ ಒಂದೂಕಾಲು ರೂಪಾಯಿ.
ಆ ಬಾಕಿ ಇವತ್ತಿಗೂ ಬಾಕಿ.

ಚಡ್ಡಿ ಹೋಗಿ ಪ್ಯಾಂಟು ಬಂತು.
ತೋಳಿಗೆ ಪಟ್ಟಿ, ಆಮೇಲೆ ಹೆಗಲಿಗೆ ನಕ್ಷತ್ರ.
ಒಂದೊಂದರ ಕಥೆಯನ್ನೂ ಟ್ರಯಲ್ ನೋಡುವಾಗಲೇ ಹೇಳುವರು,
ಎರಡೂ ಕೈ ಚಾಚಿ, ಗುಂಡುಸೂಜಿ ಚುಚ್ಚೀತೆಂದು ಅಲ್ಲಾಡದೆ:
ಸಿಟಿ ಮಾರ್ಕೆಟ್ಟಿನಲ್ಲಿ ಹಿಡಿದ ಜೇಬುಗಳ್ಳನನ್ನು
ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿ ತಂದದ್ದು,
ದಾರಿಯಲ್ಲಿ ಪಂಕ್ಚರಾಗಿ ಕಳ್ಳನೇ ಇಳಿದು ತಳ್ಳಿದ್ದು,
ಠಾಣೆ ಮೂಲೆಯಲ್ಲಿ ಇಬ್ಬರೂ ಒಂದೇ ಬೀಡಿ ಸೇದಿದ್ದು.

ಒಂದು ಮಧ್ಯಾಹ್ನ ಬಾಗಿಲು ಅರ್ಧ ಹಾಕಿಸಿ
"ನನಗೊಂದು ರವಿಕೆ ಹೊಲೀಬೇಕು" ಅಂದರು.
ಅಪ್ಪ ಕನ್ನಡಕ ತೆಗೆದರು. ನಾನು ನಕ್ಕು ಒದೆ ತಿಂದೆ.
ಕಲಾಸಿಪಾಳ್ಯದಲ್ಲಿ ಸರ ಕೀಳುವವನ ಮುಂದೆ
ಕೊರಳೊಡ್ಡಿ ನಿಲ್ಲಲು ಠಾಣೆಯಲ್ಲಿ ಹೆಂಗಸರಿರಲಿಲ್ಲವಂತೆ.
ಎದೆ ಮೂವತ್ತೆಂಟು, ತೋಳು ಉದ್ದ, ಬೆನ್ನು ಮುಚ್ಚಿದ್ದು,
ಮೀಸೆಗೆ ಸೆರಗು.
ಮೂರು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕನಕಾಂಬರ ಮುಡಿದು ನಿಂತರು.
ನಾಲ್ಕನೆಯ ಸಂಜೆ ಬಂದವನು ಸರ ಮುಟ್ಟಲೇ ಇಲ್ಲ.
"ಯಾಕಮ್ಮ, ದಿನಾ ಒಬ್ಬಳೇ ನಿಂತಿರ್ತೀಯ, ಬಸ್ಸಿಗೆ ಕಾಸಿಲ್ವಾ?"
ಎಂದು ಎರಡು ರೂಪಾಯಿ ಕೊಟ್ಟ.
ಅವನನ್ನು ಹಿಡಿದರೋ, ಬಿಟ್ಟರೋ?
ಕೇಳಿದಾಗಲೆಲ್ಲ ಬೇರೆ ಉತ್ತರ.

ಇದು ನಗುವ ಪುಟ. ಮುಂದಿನದಕ್ಕೆ ಮಿಷಿನ್ನೆಣ್ಣೆ ಹತ್ತಿದೆ.
ಅಲ್ಲಿ ಅಳತೆಯಿಲ್ಲ.
ಗುಂಡಿ ಒಂದು, ಎಂದಷ್ಟೇ.

ರಾತ್ರಿ ಒಂಬತ್ತಾಗಿತ್ತು.
ಅಂಗಿಯ ಎರಡನೇ ಹಿತ್ತಾಳೆ ಗುಂಡಿ ಬಟ್ಟೆ ಸಮೇತ ಕಿತ್ತುಹೋಗಿತ್ತು.
ಕೂರಲಿಲ್ಲ. ಕಥೆ ಹೇಳಲಿಲ್ಲ.
ಬೆರಳ ಗೆಣ್ಣುಗಳಿಗೆ ಟಿಂಚರ್ ಹಚ್ಚಿತ್ತು.
ಬೆಳಿಗ್ಗೆ ಹಾಲಿನವನು ಹೇಳಿದ:
ಕಾಟನ್‌ಪೇಟೆಯಲ್ಲಿ ಮಗ್ಗಕ್ಕೆ ಹೋಗುವ ಹುಡುಗ, ಹತ್ತೊಂಬತ್ತು,
ಲಾಕಪ್ಪಿನಿಂದ ವಿಕ್ಟೋರಿಯಾ ಆಸ್ಪತ್ರೆಗೆ,
ಬಿಗಿದ ಮುಷ್ಟಿ ಬಿಡಿಸಲು ನರ್ಸುಗಳಿಗೂ ಆಗಲಿಲ್ಲವಂತೆ.
ಕಳವಾಗಿದ್ದ ಕೈಗಡಿಯಾರ ಸಾಹುಕಾರರ ಮನೆಯಲ್ಲೇ ಸಿಕ್ಕಿತು,
ದಿಂಬಿನ ಚೀಲದೊಳಗೆ, ಒಂದು ವಾರ ತಡವಾಗಿ.

ಹುಡುಗ ಬದುಕಿದ. ಬಲಗಿವಿ ಮಾತ್ರ ಹೋಯಿತು.
ರಾಯರು ಆರು ತಿಂಗಳು ಸಸ್ಪೆಂಡು.
ಪಂಚೆಯುಟ್ಟು ಬಂದು ನಮ್ಮ ಜಗಲಿಯಲ್ಲಿ ಕೂತು
ಚಿಂದಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದರು,
ಯಾರೂ ಹೇಳದಿದ್ದರೂ.
ಮತ್ತೆ ಡ್ಯೂಟಿಗೆ ಸೇರುವಾಗ ಹೊಸ ಅಂಗಿಗೆ
ಒಳಜೇಬು ಕೇಳಿದರು, ಎಡಗಡೆ, ಎರಡು ಬೆರಳಗಲ.
ಮಾಮೂಲಿಗೆ ಅಂದುಕೊಂಡೆವು.
"ಅಷ್ಟು ಚಿಕ್ಕದು ಸಾಕಾ ಸಾರ್?" ಅಂದೇಬಿಟ್ಟೆ.
ನಗಲಿಲ್ಲ ಅವರು.

ಆಮೇಲೆ ಲಾಠಿ ಎತ್ತಲೇ ಇಲ್ಲ ಎಂದರೆ ಸುಳ್ಳಾದೀತು.
ಎತ್ತಿದರು. ಮೆಡಲೂ ಬಂತು.
ಸೊಂಟ ಮೂವತ್ತಾರು, ನಲವತ್ತು, ನಲವತ್ತೆರಡೂವರೆ
(ಅರ್ಧ ಇಂಚು ಬರೆಯಬೇಡ ಅಂದಿದ್ದರು, ಬರೆದಿದ್ದೇನೆ).
ಅಂಗಿ ಯಾವುದಾದರೂ ಒಳಜೇಬು ಬೇಕೇಬೇಕು.

ರಿಟೈರಾದ ವರ್ಷ ಅವರ ಹೆಂಡತಿ ಗಂಟು ಹೊತ್ತು ತಂದರು.
"ತರಕಾರಿ ಚೀಲ ಹೊಲಿದುಕೊಡಪ್ಪ, ಬಟ್ಟೆ ಇನ್ನೂ ಗಟ್ಟಿಯಿದೆ."
ಹನ್ನೊಂದು ಖಾಕಿ ಅಂಗಿ. ಹೊಲಿಗೆ ಬಿಚ್ಚುತ್ತ ಕೂತೆ.
ಒಳಜೇಬುಗಳೆಲ್ಲ ಖಾಲಿ.
ತಳದಲ್ಲಿ ಮಾತ್ರ, ಹನ್ನೊಂದರಲ್ಲೂ,
ನಾಲ್ಕಾಣೆಯಗಲ ಒಂದು ದುಂಡನೆ ಸವೆತ,
ಬೆವರಿಗೆ ಹಸಿರುಗಟ್ಟಿದ ಅಂಚು.

ನಾಣ್ಯವೂ ಇರಬಹುದು. ನಾನು ದರ್ಜಿ, ಪೊಲೀಸಲ್ಲ.
ಒಂದು ಜೇಬನ್ನು ಬೇರೆ ತೆಗೆದು
ಆ ಎಣ್ಣೆ ಪುಟಕ್ಕೆ ಸೂಜಿ ಚುಚ್ಚಿಟ್ಟಿದ್ದೇನೆ.
ಅಲ್ಲಿ ಅಪ್ಪನ ಕೈಬರಹ:
ಗುಂಡಿ ಒಂದು. ಹತ್ತು ಪೈಸೆ. ಹಣ ಸಂದಿದೆ.